ಸರೋಜವ್ವನ ತಂಬೋಲಾ

ಅತ್ತೆಯ ಎಡಬದಿಗೆ ಇನ್ನೊಂದು ದಿಂಬು ಒತ್ತಿ ಮಂಜುಳಾ ಕೈ ತೆಗೆದಳು. ಸರೋಜವ್ವ ಮತ್ತೆ ಎಡಕ್ಕೇ ವಾಲಿದಳು.

"ಇದ್ದಾಗೂ ಹಿಂಗ," ಎಂದು ಮಂಜುಳಾ ಮೂರನೆಯ ದಿಂಬಿಗೆ ಕೈ ಚಾಚಿದಳು. "ಹೇಳಿದ ಮಾತು ಒಂದರ ಕೇಳ್ಯಾಳನು?"

"ಹೆಣಕ್ಕ ಬೈಬಾರದವಾ," ಎಂದ ಕನಕಪ್ಪ. ಅವನು ಸರೋಜವ್ವನ ಮೈದುನ. ಬೆಳಿಗ್ಗೆ ಏಳಕ್ಕೇ ಬಂದು ಕುರ್ಚಿ ಹಿಡಿದವನು ಸಲಹೆ ಕೊಡುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

"ದಿಂಬಿಗೆ ಬೈಯಾಕತ್ತೇನಿ ಸಣ್ಣ ಮಾವಾರ. ನೀವು ಕಾಲು ಸರಸ್ರಿ, ಪರಾತಕ್ಕ ತಾಕ್ತೈತಿ."

ಹಿಟ್ಟು ನಾದುವ ಆ ದೊಡ್ಡ ಪರಾತ ಕನಕಪ್ಪನ ಕುರ್ಚಿಯ ಪಕ್ಕದಲ್ಲಿತ್ತು. ಅದರ ತುಂಬ ಅಂಗೈಯಗಲದ ರಟ್ಟಿನ ಕಾರ್ಡುಗಳು. ಒಂದೊಂದು ಕಾರ್ಡಿನಲ್ಲೂ ಹದಿನೈದು ಅಂಕಿ, ಅಂಕಿಗಳ ಮೇಲೆ ಗೋವಿನಜೋಳದ ಕಾಳು. ಹೆಣ ಕೂರಿಸಲು ನಡುಮನೆ ಖಾಲಿ ಮಾಡುವಾಗ ಎಲ್ಲವನ್ನೂ ಗುಡಿಸಿ ಒಗೆಯುವುದು ಬಿಟ್ಟು, ಒಂದು ಕಾಳೂ ಜಾರದಂತೆ ತಾನೇ ಅವನ್ನು ಪರಾತಕ್ಕೆ ಎತ್ತಿಟ್ಟಿದ್ದಳು ಮಂಜುಳಾ. ಯಾಕೆ ಹಾಗೆ ಮಾಡಿದೆ ಎಂದು ಬೆಳಗಿನಿಂದ ತನ್ನ ಮೇಲೆಯೇ ಸಿಟ್ಟಾಗಿದ್ದಳು.

ನಿನ್ನೆ ಶನಿವಾರ. ಪ್ರತಿ ಶನಿವಾರ ಮೂರು ಗಂಟೆಗೆ ಸರೋಜವ್ವನ ನಡುಮನೆಯಲ್ಲಿ ತಂಬೋಲಾ. ಅವಳು ಖಾಕಿ ಚೀಲಕ್ಕೆ ಕೈ ಹಾಕಿ ಮರದ ಬಿಲ್ಲೆ ತೆಗೆದು ಅಂಕಿ ಕೂಗಬೇಕು. ಕಾರ್ಡಿನಲ್ಲಿ ಆ ಅಂಕಿ ಇದ್ದವರು ಕಾಳು ಇಡಬೇಕು. ಹದಿನೈದೂ ತುಂಬಿದವಳು "ಹೌಸ್" ಎಂದು ಕೂಗಿದರೆ ಅವಳಿಗೆ ಒಂದು ಮೈಸೋಪು. ನಿನ್ನೆ ಮೂವರಿಗೆ ಒಂದೊಂದೇ ಅಂಕಿ ಉಳಿದಿತ್ತು. ಸರೋಜವ್ವ ಚೀಲದಲ್ಲಿ ಕೈ ಇಟ್ಟವಳು ಹಾಗೇ ತಡೆದು, "ಯಾಕೋ ಸುಸ್ತು. ಯಾರೂ ಕಾಳು ಸರಸಬ್ಯಾಡ್ರಿ, ನಾಳೆ ಮುಗಸೂಣು," ಎಂದು ಕೂಗಿದ ಬಿಲ್ಲೆಗಳನ್ನೂ ಚೀಲಕ್ಕೆ ತುಂಬಿಕೊಂಡು ಒಳಗೆ ಹೋಗಿ ಮಲಗಿದಳು. ಐದಕ್ಕೆ ಮಂಜುಳಾ ಚಹಾ ಒಯ್ದಳು. ಕಪ್ಪಿನ ಕೆಳಗೆ ಬಸಿ ಇರಲೇಬೇಕೆಂಬ ಹಟಕ್ಕೆ ಗೊಣಗುತ್ತಲೇ ಒಯ್ದಿದ್ದಳು. ಚಹಾ ಕುಡಿಯಲು ಅತ್ತೆ ಇರಲಿಲ್ಲ.

ಈಗ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಪ್ರತಿ ಶನಿವಾರ ಕೂರುತ್ತಿದ್ದ ಗೋಡೆಗೇ ಒರಗಿ ಕೂತಿದ್ದಳು. ಎದುರಿಗೆ ಶನಿವಾರದ ಹೆಂಗಸರೇ. ಹೊರಗಿನ ಕಟ್ಟೆಯ ಮೇಲೆ ಭಜನೆಯವರು. ಮಂಜುಳಾಳ ಗಂಡ ಮಾಲತೇಶ ಅಂಗಳದಲ್ಲಿ ಫೋನು ಕಿವಿಗೊತ್ತಿಕೊಂಡು ನಿಂತಿದ್ದ.

"ಭಾಗ್ಯಾ ಎಲ್ಲಿ ಮಟಾ ಬಂದಾಳಂತ?" ಮಂಜುಳಾ ಬಾಗಿಲಿನಿಂದ ಕೇಳಿದಳು. ಭಾಗ್ಯಶ್ರೀ ಅವಳ ನಾದಿನಿ, ತಡಸದ ಮನೆಗೆ ಮದುವೆ ಮಾಡಿ ಕೊಟ್ಟಿದ್ದರು.

"ಶಿಗ್ಗಾಂವಿ ಸ್ಟ್ಯಾಂಡಿನ್ಯಾಗ ಅದಾಳಂತ."

"ಒಂದ್ ತಾಸಿನ ಹಿಂದೂ ಶಿಗ್ಗಾಂವಿ ಸ್ಟ್ಯಾಂಡಿನ್ಯಾಗ ಇದ್ಲು."

"ಬಸ್ಸು ಇಲ್ಲಂತ. ನಾ ಏನ್ ಮಾಡ್ಲಿ?"

"ಸಾಂಬ್ರಾದಾಗ ಆಗಿದ್ರ ಹೇಳಿದ ಟೈಮಿಗೆ ಗಾಡಿ ಬರ್ತಿತ್ತು," ಎಂದಳು ಪಕ್ಕದ ಮನೆಯ ಬಾನುಬಿ, ಸರೋಜವ್ವನ ದನಿಯಲ್ಲೇ. ಕೂತವರ ಬಾಯಿಯಲ್ಲಿ ನಗೆ ಹೊರಟು, ಸೆರಗಿನಲ್ಲಿ ಅಡಗಿತು.

ಮಂಜುಳಾಗೆ ನಗು ಬರಲಿಲ್ಲ. ಹತ್ತೊಂಬತ್ತು ವರ್ಷ ಅವಳು ಈ ಸಾಂಬ್ರಾ ಕೇಳಿದ್ದಳು. ಸಾಂಬ್ರಾದಲ್ಲಿ ಬಾಗಿಲಿಗೆ ಪರದೆ ಇತ್ತು. ಸಾಂಬ್ರಾದಲ್ಲಿ ಯಾರೂ ಬಸಿಯಲ್ಲಿ ಚಹಾ ಸುರಿದುಕೊಂಡು ಹೀರುತ್ತಿರಲಿಲ್ಲ. ಯಾರಿಗಾದರೂ ವರ್ಗವಾದರೆ ಮೂರು ದಿನ ಅವರ ಮನೆಯಲ್ಲಿ ಒಲೆ ಹಚ್ಚಲು ಬಿಡುತ್ತಿರಲಿಲ್ಲ, ಕ್ವಾರ್ಟರ್ಸಿನ ಸಾಲಿನವರೆಲ್ಲ ಸರದಿಯಲ್ಲಿ ಊಟ ಕೊಡುತ್ತಿದ್ದರು. ಹದಿನೈದು ವರ್ಷ ಇದ್ದು ಬಂದ ಊರನ್ನು ಮೂವತ್ತೈದು ವರ್ಷ ಹೇಳಿದ ಹೆಂಗಸು ಸರೋಜವ್ವ. ಅದರಲ್ಲೂ ಕೆಂಪು ಫ್ಲಾಸ್ಕಿನ ಕತೆ.

*

ಸಾಂಬ್ರಾ ಎಂದರೆ ಬೆಳಗಾವಿಯ ಹೊರಗಿನ ವಾಯುಪಡೆಯ ತರಬೇತಿ ಕೇಂದ್ರ. ಸರೋಜವ್ವನ ಗಂಡ ಹೊಳಬಸಪ್ಪ ಅಲ್ಲಿ ಹೊಸ ಹುಡುಗರಿಗೆ ಪರೇಡು ಕಲಿಸುವ ಕಾರ್ಪೊರಲ್. ಮದುವೆಯಾಗಿ ಇಪ್ಪತ್ತು ದಿನಕ್ಕೆ ಹೆಂಡತಿಯನ್ನು ಕ್ವಾರ್ಟರ್ಸಿಗೆ ಕರೆದೊಯ್ದ. ಆ ಶನಿವಾರವೇ ದೊಡ್ಡ ಹಾಲಿನಲ್ಲಿ ಮನೆಮಂದಿಯ ಸಂಜೆ. ಬಣ್ಣದ ಕಾಗದದ ತೋರಣ, ಸಮೋಸಾ, ರೆಕಾರ್ಡಿನ ಹಾಡು. ಪಂಜಾಬಿನವರು, ಕೇರಳದವರು, ಬಂಗಾಳದವರು. ಸರೋಜಾ ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ, ಯಾರೋ ಕೈಗಿತ್ತ ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಂಕಿಗಳನ್ನು ಹಿಂದಿಯಲ್ಲಿ ಕೂಗುತ್ತಿದ್ದರು. ಉನ್ಯಾಸಿ ಯಾವುದು, ನವಾಸಿ ಯಾವುದು, ಅವಳಿಗೆ ಒಂದೂ ತಿಳಿಯಲಿಲ್ಲ. ಪಕ್ಕದವಳು ಏನೋ ಕೇಳಿದಳು. ಅದೂ ತಿಳಿಯದೆ ತಲೆಯಾಡಿಸಿದಳು. ಕ್ವಾರ್ಟರ್ಸಿಗೆ ಬಂದಾಗಿನಿಂದ ಗಂಡನನ್ನು ಬಿಟ್ಟು ಯಾರೊಡನೆಯೂ ಅವಳು ಮಾತಾಡಿರಲಿಲ್ಲ.

ಅಂಕಿ ಕೂಗುತ್ತಿದ್ದವರು ಒಬ್ಬ ಅಧಿಕಾರಿಯ ಹೆಂಡತಿ, ಕೌರ್ ಮೇಡಂ. ಎತ್ತರದ, ದಪ್ಪ ಜಡೆಯ ಹೆಂಗಸು. ಚೀಲ ಹಿಡಿದುಕೊಂಡು ಕುರ್ಚಿಗಳ ನಡುವೆ ಸುತ್ತುತ್ತ ಕೂಗುವುದು ಅವರ ರೀತಿ. ಸುತ್ತುತ್ತ ಸರೋಜಾಳ ಹಿಂದೆ ಬಂದು ಒಂದು ಕ್ಷಣ ನಿಂತರು. ಮುಂದಿನ ಅಂಕಿಯನ್ನು ಹಿಂದಿಯಲ್ಲಿ ಹೇಳಿ, ಮಾಲಿಯಿಂದ ಕಲಿತ ಹರಕು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು: "ನಲವತ್ತು ಒಂದು."

ಸರೋಜಾಳ ಚೀಟಿಯಲ್ಲಿ ಅದು ಇತ್ತು. ಮುಂದಿನದೂ ಇತ್ತು. ಅದರ ಮುಂದಿನದೂ.

"ಆಕಿ ಬಿಲ್ಲಿ ನೋಡ್ಲಿಲ್ಲವಾ," ಎಂದು ಸರೋಜವ್ವ ಪ್ರತಿ ಸಲ ಈ ಜಾಗದಲ್ಲಿ ಬೆರಳೆತ್ತುತ್ತಿದ್ದಳು. "ಬಿಲ್ಲಿ ಕೈಯಾಗ ಇತ್ತು, ನೋಡಿದ್ದು ನನ್ನ."

ಕೊನೆಯ ಅಂಕಿ ಬಂದಾಗ ಕೂಗಬೇಕಿತ್ತು. ಸರೋಜಾ ಚೀಟಿ ಹಿಡಿದು ಎದ್ದು ನಿಂತಳು. ಇಡೀ ಹಾಲು ಅವಳ ಕಡೆ ತಿರುಗಿತು. ಮೇಡಂ ಸುಮ್ಮನೆ ಕಾದರು, ಯಾರಿಗೂ ನಗಗೊಡದೆ. ಆಮೇಲೆ ಸರೋಜಾ ಎಷ್ಟು ಜೋರಾಗಿ "ಹೌಸ್" ಎಂದಳೆಂದರೆ, ಹಿಂದೆ ನಿಂತಿದ್ದ ಹೊಳಬಸಪ್ಪನ ಕೈಯಿಂದ ಸಮೋಸಾ ಬಿತ್ತು. ಬಹುಮಾನ ಬಂದದ್ದು ಕೆಂಪು ಫ್ಲಾಸ್ಕು. ಮನೆಗೆ ಹೋಗುವ ದಾರಿಯಲ್ಲಿ ಕ್ವಾರ್ಟರ್ಸಿನ ನಾಲ್ಕು ಹೆಂಗಸರು ಅವಳೊಡನೆ ಮಾತಾಡಿದರು. ಅವಳೂ ಮಾತಾಡಿದಳು, ಅರ್ಧ ಕನ್ನಡ, ಅರ್ಧ ಕೈಸನ್ನೆ.

ಸುಮಾರು ಇನ್ನೂರು ಸಲ ಮಂಜುಳಾ ಈ ಕತೆ ಕೇಳಿದ್ದಳು. ಬಿಲ್ಲೆಯ ಮಾತು ಬರುವ ಹೊತ್ತಿಗೆ ಪ್ರತಿ ಸಲ ಚಹಾಕ್ಕೆ ಎದ್ದು ಹೋಗಿರುತ್ತಿದ್ದಳು.

*

"ಆ ಚೀಲ ಅವರ ಜೋಡೀನ ಮಣ್ಣಾಗ ಇಡೂಣ್ರಿ ಮಂಜಕ್ಕಾರ," ಎಂದಳು ಶೀಲಾ. ಹಾನಗಲ್ಲಿನಿಂದ ವರ್ಗವಾಗಿ ಬಂದ ಶಾಲೆಯ ಮಾಸ್ತರಿಣಿ ಅವಳು. ಕೂಗಿದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಕೆಲಸ ಅವಳದು. "ಅದರಾಗ ಬ್ಯಾರೆ ಯಾರು ಕೈ ಹಾಕ್ತಾರ?"

"ಅರ್ಧಾ ಆಟ ಬಿಟ್ಟು ಕಳಸ್ತೀರೇನು?" ಬಾನುಬಿ ಕೇಳಿದಳು. "ನಂದು ಏಳು ಒಂದ ಉಳದೈತಿ. ಮುಗಿಸಿ ಕಳಸ್ರಿ. ಸರೋಜಕ್ಕಗ ಅರ್ಧಾ ಕೆಲಸ ಸೇರತಿರಲಿಲ್ಲ."

ಕನಕಪ್ಪ ಕುರ್ಚಿಯಲ್ಲೇ ತಿರುಗಿದ. "ಹೆಣದ ಮುಂದ ಜೂಜೇನ್ರಬೇ?"

"ಜೂಜು ಅಲ್ಲೋ ಯಪ್ಪಾ, ಸೋಪು."

"ಸೋಪಾದ್ರ ನಡೀತೈತೇನು? ಮಂದಿ ಏನಂದಾರು?"

"ಮಂದಿ ಅಂದ್ರ ನಾವ. ನಾವೇನೂ ಅನ್ನೂದಿಲ್ಲ."

"ಮಂಜುಳಾ, ನೀ ಹೇಳು," ಎಂದ ಕನಕಪ್ಪ.

"ಮಂಜಕ್ಕಾ, ನೀನ ಹೇಳು," ಎಂದಳು ಬಾನುಬಿ.

ಅತ್ತೆ ಸತ್ತ ದಿನವೂ ಅತ್ತೆಯ ಆಟದ್ದೇ ಪಂಚಾಯ್ತಿ. ಮಂಜುಳಾ ಎದ್ದಳು. ಬಾಗಿಲ ಹತ್ತಿರ ಅಡಿವೆವ್ವನ ಕಾಲು ತುಳಿಯುವುದರಲ್ಲಿದ್ದಳು.

ಅಡಿವೆವ್ವ ಹೊಸ್ತಿಲಿನ ಈಚೆ, ಗೋಡೆಗೆ ಅಂಟಿ ಕೂತಿದ್ದಳು. ಸವಣೂರು ಕಡೆಯ ಹಳ್ಳಿಯವಳು. ಗಂಡ ತೀರಿದ ಮೇಲೆ ಈ ಓಣಿಯ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಳಿಯ ಒಳ್ಳೆಯವನೇ. ಆದರೂ ಅಳಿಯನ ಮನೆಯಲ್ಲಿ ಉಣ್ಣುವವಳು ಎಂಬ ಸಂಕೋಚ ಅವಳ ಬಾಯಿ ಕಟ್ಟಿತ್ತು. ಏನು ಕೇಳಿದರೂ ತಲೆಯಾಡಿಸುತ್ತಿದ್ದಳು. ಮೂರು ಶನಿವಾರದ ಹಿಂದೆ ಸರೋಜವ್ವನೇ ಹೋಗಿ ಕೈ ಹಿಡಿದು ಕರೆತಂದಿದ್ದಳು. ಈಗ ಅವಳ ಮಡಿಲಲ್ಲಿ ಸೆರಗು ಮುಚ್ಚಿದ ತಾಟು. ಮಂಜುಳಾ ಸೆರಗು ಎತ್ತಿದಳು. ತಾಟಿನಲ್ಲಿ ನಿನ್ನೆಯ ಕಾರ್ಡು; ಹದಿನಾಲ್ಕು ಕಾಳು ಇದ್ದಲ್ಲೇ ಇದ್ದವು. ಅರವತ್ತೆರಡರ ಮನೆ ಖಾಲಿ. ಕಾಳು ಸರಿಸಬೇಡಿ ಎಂದು ಸರೋಜವ್ವ ಹೇಳಿದ್ದಳಲ್ಲ, ಅದಕ್ಕೇ ಹಾಗೇ ತಾಟಿನಲ್ಲಿಟ್ಟು ಮನೆಗೆ ಒಯ್ದು, ಹಾಗೇ ತಂದಿದ್ದಳು.

"ಇದನ್ಯಾಕ ಹೊತ್ಕೊಂಡು ತಿರಗಾಕತ್ತೀಯವ್ವ?"

ಅಡಿವೆವ್ವ ತಲೆಯಾಡಿಸಿದಳು.

*

ಹತ್ತು ವರ್ಷದ ಹಿಂದಿನ ಮಾತು. ಆಗ ಮಂಜುಳಾಳೂ ಆಡುತ್ತಿದ್ದಳು. ಅಂದು ನಾಲ್ಕನೆಯ ಶನಿವಾರವೂ ಒಂದೇ ಅಂಕಿಯಲ್ಲಿ ಸೋತು, ಎಲ್ಲರೂ ಹೋದ ಮೇಲೆ ಕೇಳಿಯೇಬಿಟ್ಟಳು.

"ಅತ್ತಿ, ನಾ ಬಂದು ಒಂಬತ್ತು ವರ್ಷಾತು. ಈ ಓಣ್ಯಾಗ ಹೌಸ್ ಆಗದಾಕಿ ನಾ ಒಬ್ಬಾಕಿ. ಏನಿದರ ಅರ್ಥ?"

ಸರೋಜವ್ವ ಬಿಲ್ಲೆಗಳನ್ನು ಚೀಲಕ್ಕೆ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ. "ನಿನಗ ಬಾಯಿ ಐತಲ್ಲವಾ. ಬಾಯಿ ಇದ್ದಾಕಿಗೆ ಹೌಸ್ ಯಾತಕ್ಕ?"

ಮಂಜುಳಾ ಆರು ದಿನ ಅತ್ತೆಯನ್ನು ಮಾತಾಡಿಸಲಿಲ್ಲ. ಏಳನೆಯ ದಿನ ಮತ್ತೆ ಶನಿವಾರ. ಅಂದಿನಿಂದ ಅವಳು ಕಾರ್ಡು ಮುಟ್ಟಲಿಲ್ಲ. ಎಲ್ಲರಿಗೂ ಚಹಾ ಮಾಡಿಕೊಟ್ಟು ಅಡುಗೆಮನೆಯಲ್ಲೇ ಕೂತಳು. ಹತ್ತು ವರ್ಷ ಆ ಮಾತು ಅವಳ ಎದೆಯಲ್ಲಿ ಕಡಲೆಸಿಪ್ಪೆಯ ಹಾಗೆ ಸಿಕ್ಕಿಕೊಂಡಿತ್ತು.

*

ಖಾಕಿ ಚೀಲ ಅತ್ತೆಯ ಹಾಸಿಗೆಯ ತಲೆದಿಂಬಿನ ಕೆಳಗೆ ಸಿಕ್ಕಿತು. ಹೊಳಬಸಪ್ಪನ ಹಳೆಯ ಪ್ಯಾಂಟಿನ ಬಟ್ಟೆ. ಬಿಲ್ಲೆಗಳೂ ಅವನು ಕೊಯ್ಯಿಸಿದ್ದೇ. ಸಾಂಬ್ರಾ ಬಿಡುವ ವರ್ಷ ಅಲ್ಲಿಯ ಬಡಿಗನಿಂದ ತೊಂಬತ್ತು ಮಾಡಿಸಿ, ಮಸಿಯಲ್ಲಿ ತಾನೇ ಅಂಕಿ ಬರೆದುಕೊಟ್ಟಿದ್ದ.

ಮಂಜುಳಾ ಬಾಗಿಲು ಮುಚ್ಚಿದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಬಾನುಬಿಯ ಏಳು ಹುಡುಕಿ ಕೈಯಲ್ಲಿಟ್ಟುಕೊಳ್ಳುವುದು, ಹೊರಗೆ ಹೋಗಿ ಅದನ್ನೇ ತೆಗೆದಂತೆ ಮಾಡಿ ಕೂಗುವುದು, ಬಾನುಬಿಯ ಬಾಯಿಗೆ ಸೋಪು ಹಾಕಿ ಈ ಗೋಳು ಮುಗಿಸುವುದು. ಒಂದು ಬಿಲ್ಲೆ ತೆಗೆದಳು. ಅದರಲ್ಲಿ ಏನೂ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿದಳು. ಇನ್ನೊಂದು ತೆಗೆದಳು. ಆಮೇಲೆ ಚೀಲವನ್ನೇ ಹಾಸಿಗೆಯ ಮೇಲೆ ಸುರಿದಳು.

ತೊಂಬತ್ತರಲ್ಲಿ ಒಂದರ ಮೇಲೂ ಅಂಕಿ ಇರಲಿಲ್ಲ. ಮೂವತ್ತೈದು ವರ್ಷದ ಕೈಬೆವರಿಗೆ ಮಸಿ ಎಂದೋ ಹೋಗಿತ್ತು. ಬಿಲ್ಲೆಗಳು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು.

ಮಂಜುಳಾ ಹಾಸಿಗೆಯ ತುದಿಯಲ್ಲಿ ಕೂತಳು. ಬಿಲ್ಲೆಯನ್ನು ಕಣ್ಣಿನಿಂದ ದೂರ ಹಿಡಿದು, ಓದುವವಳ ಹಾಗೆ ಹುಬ್ಬು ಗಂಟಿಕ್ಕಿ, ಆಮೇಲೆ ತಲೆ ಎತ್ತಿ ಮಂದಿಯನ್ನು ನೋಡಿ ಅಂಕಿ ಹೇಳುತ್ತಿದ್ದಳು ಅತ್ತೆ. ಕಾರ್ಡುಗಳನ್ನು ಬರೆದವಳು ಅವಳು, ಹಂಚುವವಳೂ ಅವಳು. ಯಾರ ಮಡಿಲಲ್ಲಿ ಯಾವ ಅಂಕಿ ಇದೆ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತಿರಬೇಕು? ಬಾನುಬಿಗೆ ಹೌಸ್ ಆದದ್ದು ಗಂಡ ತೀರಿ, ವಿಧವೆ ಮನೆಯೊಳಗೇ ಇರುವ ಇದ್ದತ್ತಿನ ನಾಲ್ಕು ತಿಂಗಳು ಮುಗಿಸಿ ಹೊರಗೆ ಬಂದ ಶನಿವಾರ. ಶೀಲಾಗೆ ಆದದ್ದು ಈ ಊರಿಗೆ ಬಂದ ಮೊದಲ ವಾರ. ಶಾಲೆಯಲ್ಲಿ ಅತ್ತು ಬಂದಿದ್ದಳಂತೆ. ಮಂಜುಳಾ ಒಬ್ಬೊಬ್ಬರನ್ನೇ ನೆನೆಯುತ್ತ ಹೋದಳು. ಕೊನೆಗೆ ತನ್ನ ತನಕ ಬಂದು ನಿಂತಳು.

"ನಿನಗ ಬಾಯಿ ಐತಲ್ಲವಾ."

"ಇದನ್ನ ಬಿಡಿಸಿ ಹೇಳಾಕ ಏನಾಗಿತ್ತು ನಿನಗ?" ಎಂದಳು ಮಂಜುಳಾ ಖಾಲಿ ಹಾಸಿಗೆಗೆ. "ಹತ್ತು ವರ್ಷ ಅಡಗಿಮನ್ಯಾಗ ಕುಂತೆ ನಾ."

ಹೊರಗೆ ಭಾಗ್ಯಶ್ರೀಯ ಅಳು ಕೇಳಿಸಿತು. ಬಸ್ಸು ಬಂದಿತ್ತು. ಮಂಜುಳಾ ಬಿಲ್ಲೆಗಳನ್ನು ತುಂಬಿ ಚೀಲದ ಬಾಯಿ ಬಿಗಿದಳು.

*

ಭಾಗ್ಯಶ್ರೀ ಅವ್ವನ ಕಾಲು ಹಿಡಿದು ಅತ್ತು ದಣಿದಳು. ಅಂಗಳದಲ್ಲಿ ಬಿದಿರಿಗೆ ಕುರ್ಚಿ ಕಟ್ಟಿ ಮುಗಿದಿತ್ತು. ಕನಕಪ್ಪ ಗಡಿಯಾರ ನೋಡಿದ. "ಮೂರೂವರಿ ಆತು. ಎತ್ರಿನ್ನ."

"ಐದ್ ನಿಮಿಷ ತಡೀರಿ," ಎಂದು ಮಂಜುಳಾ ಬಂದು ಅತ್ತೆಯ ಎಡಕ್ಕೆ ಕೂತಳು. ವಾಲಿದ ದೇಹದ ಭಾರ ಅವಳ ಭುಜಕ್ಕೆ ತಗುಲಿ ನಿಂತಿತು. ಮೂರು ದಿಂಬಿಗೆ ಆಗದ್ದು ಅದರಿಂದ ಆಯಿತು. ಅವಳ ಮಡಿಲಲ್ಲಿ ಖಾಕಿ ಚೀಲ ನೋಡಿ ಶೀಲಾ ಸುಮ್ಮನೆ ನೋಟ್‌ಬುಕ್ಕು ಬಿಚ್ಚಿದಳು. ಕನಕಪ್ಪ ಬಾಯಿ ತೆರೆದ. ಮಾಲತೇಶ ಅವನ ತೋಳು ಹಿಡಿದ.

ಮಂಜುಳಾ ಚೀಲದಲ್ಲಿ ಕೈ ಹಾಕಿ ಒಂದು ಬಿಲ್ಲೆ ತೆಗೆದಳು. ಅದನ್ನು ಕಣ್ಣಿನಿಂದ ದೂರ ಹಿಡಿದು ಹುಬ್ಬು ಗಂಟಿಕ್ಕಿದಳು. ತಲೆ ಎತ್ತಿದಾಗ ಬಾನುಬಿ ಅವಳನ್ನೇ ನೋಡುತ್ತಿದ್ದಳು. ಮಂಜುಳಾ ಬಾನುಬಿಯನ್ನು ದಾಟಿ ಬಾಗಿಲ ಕಡೆ ನೋಡಿದಳು.

"ಅರವತ್ತೆರಡು."

ಕಟ್ಟೆಯ ಮೇಲಿನ ತಾಳ ನಿಂತಿತು. ಅಡಿವೆವ್ವ ಸೆರಗಿನ ಗಂಟು ಬಿಚ್ಚಿ, ಒಂದು ಕಾಳು ತೆಗೆದು, ತಾಟಿನೊಳಗಿನ ಖಾಲಿ ಮನೆಯಲ್ಲಿ ಇಟ್ಟಳು. ತಲೆಯಾಡಿಸಿದಳು.

"ತಲಿ ಆಡಿಸಿದ್ರ ನಡಿಯೂದಿಲ್ಲವ್ವ," ಎಂದಳು ಮಂಜುಳಾ. ಅವಳಿಗೇ ಗೊತ್ತಿಲ್ಲದ ಒಂದು ನಿಧಾನ ಅವಳ ದನಿಯಲ್ಲಿತ್ತು. "ಸಾಂಬ್ರಾದ ರೂಲು ಐತಿ. ಕೂಗಬೇಕು."

ಕಾದಳು. ಎಲ್ಲರೂ ಕಾದರು. ಅಡಿವೆವ್ವ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಹೌಸ್," ಎಂದಳು. ದನಿ ಒಡೆದಿತ್ತು, ಆದರೆ ಅಂಗಳದವರೆಗೂ ಕೇಳಿಸಿತು.

"ನಂದು ಆಗಿ ವರ್ಷಾತು ಬಿಡು," ಎಂದು ಬಾನುಬಿ ತನ್ನ ಏಳನ್ನು ತಾನೇ ಬಿಟ್ಟುಕೊಟ್ಟಳು. ಗೂಡಿನಲ್ಲಿದ್ದ ಸೋಪು ತಂದು ಅಡಿವೆವ್ವನ ಕೈಗಿಟ್ಟವಳೂ ಅವಳೇ.

"ಹಂಗಾರ ಚೀಲ ಅವರ ಜೋಡಿ ಇಡೂಣೇನ್ರಿ?" ಶೀಲಾ ಕೇಳಿದಳು.

"ಬ್ಯಾಡ. ಶನಿವಾರ ಬೇಕಾಗ್ತೈತಿ," ಎಂದು ಮಂಜುಳಾ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಲ್ವರು ಸರೋಜವ್ವನನ್ನು ಕುರ್ಚಿಯಲ್ಲಿ ಕೂರಿಸಿ ಬಿದಿರಿಗೆ ಹೆಗಲು ಕೊಟ್ಟರು. ಭಜನೆ ಮುಂದೆ ಹೊರಟಿತು. ಓಣಿಯ ತಿರುವಿನಲ್ಲಿ ಕುರ್ಚಿ ಎಡಕ್ಕೆ ಜಗ್ಗತೊಡಗಿತು. ಹಾರ ಜಾರಿ, ಸರೋಜವ್ವನ ತಲೆ ಹೊರಗೆ ಬಾಗಿತು. ಮುಂದಿದ್ದ ಗಂಡಸರು ನೋಡಲಿಲ್ಲ. ಮಂಜುಳಾ ಕೂಗಲು ಬಾಯಿ ತೆರೆದಳು.

"ಏ, ಎಡಕ್ಕ ವಾಲಾಕತ್ತಾಳ್ರೋ," ಎಂದು ಅವಳ ಹಿಂದಿನಿಂದ ದನಿ ಬಂತು. "ಕಣ್ಣಿಲ್ಲೇನು? ನಿಂದ್ರಸ್ರಿ, ನಿಂದ್ರಸ್ರಿ. ನೆಟ್ಟಗ ಕುಂಡ್ರಸ್ರಿ ಅಕ್ಕನ್ನ."

ಭಜನೆ ನಿಂತಿತು. ಹೆಗಲು ಕೊಟ್ಟ ನಾಲ್ವರೂ ನಿಂತರು. ಕನಕಪ್ಪ ಹಿಂದಿರುಗಿ, ಇದು ಯಾರ ದನಿ ಎಂದು ಹೆಂಗಸರ ಗುಂಪಿನಲ್ಲಿ ಹುಡುಕಿದ. ಅಡಿವೆವ್ವ ಓಣಿಯ ನಡುಮಧ್ಯೆ ನಿಂತಿದ್ದಳು, ಸೋಪು ಹಿಡಿದ ಕೈಯನ್ನು ಎಡದಿಂದ ಬಲಕ್ಕೆ ಆಡಿಸಿ ದಾರಿ ತೋರಿಸುತ್ತ.

ಮಂಜುಳಾ ತೆರೆದ ಬಾಯಿ ಮುಚ್ಚಿಕೊಂಡಳು.