ಗೋಡೆ ಹತ್ತಿದ ಬೆರಳು

ಪೇಂಟರ್‌ನ ಬಲ ಭುಜ ಬಿಗಿದುಕೊಂಡು ನಾಲ್ಕು ತಿಂಗಳಾಗಿತ್ತು. ಅಂಗಿ ತೊಡಲೂ ಹೆಂಡತಿ ಬೇಕು. ಸೀಲಿಂಗ್ ಬಳಿಯುವುದರಲ್ಲಿ ಅವನದು ಎತ್ತಿದ ಕೈ ಎನ್ನುತ್ತಿದ್ದ ಮೇಸ್ತ್ರಿಯೇ, "ಎತ್ತಿದ ಕೈ ಈಗ ಎತ್ತೋಕೇ ಆಗ್ತಿಲ್ವಲ್ಲ ಅಣ್ಣ" ಎಂದು ನಕ್ಕಿದ್ದ. ನಕ್ಕರೂ ಜಾಗ ಉಳಿಸಿಟ್ಟಿದ್ದ. ಸೋಮವಾರ ದೊಡ್ಡ ಹಾಲ್‌ನ ಸೀಲಿಂಗ್ ಶುರು. ಅಷ್ಟರಲ್ಲಿ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವನು.

ಆರು ವಾರದ ಹಿಂದೆ, ಮೊದಲ ದಿನವೇ, ಫಿಸಿಯೋಥೆರಪಿಯವಳು ಬಿಡಿಸಿ ಹೇಳಿದ್ದಳು: ಶಾಖ ಕೊಡಬೇಕು, ಬಾಗಿ ನಿಂತು ಕೈ ಇಳಿಬಿಟ್ಟು ತೂಗಬೇಕು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಬೇಕು. ನೋವು ತಡೆಯಲಾಗದಿದ್ದರೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಅವನು ಗೋಡೆಯನ್ನೇ ನೆಚ್ಚಿಕೊಂಡ. ಗೋಡೆ ಅವನಿಗೆ ಹೊಸದಲ್ಲ.

ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಬೆರಳು ಹತ್ತಿಸಿದ. ಮುಟ್ಟಿದಲ್ಲಿ ಹೆಂಡತಿ ಪೆನ್ಸಿಲ್ ಗೆರೆ ಎಳೆದಳು. ಆರನೇ ವಾರ ಗೆರೆ ಅವನ ತಲೆ ದಾಟಿತು. ಅವಳೇ ಮೇಸ್ತ್ರಿಗೆ ಫೋನ್ ಮಾಡಿ, ಸೋಮವಾರ ಬರ್ತಾರೆ ಎಂದಳು.

ಶನಿವಾರ ಥೆರಪಿಯವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಗಲ ಮೂಳೆಯನ್ನು ಅಂಗೈಯಲ್ಲಿ ಅದುಮಿ ಹಿಡಿದು, ಕೈ ಎತ್ತಿ ಎಂದಳು. ಕೈ ಎದೆಮಟ್ಟಕ್ಕೆ ಬಂದು ನಿಂತಿತು. ಮೊದಲ ದಿನ ನಿಂತಲ್ಲೇ.

ಮನೆಯಲ್ಲಿ ತಲೆ ದಾಟುತ್ತೆ ಎಂದು ಅವನು ವಾದಿಸಿದ. ಮಾಡಿ ತೋರಿಸಿ ಎಂದಳು. ಗೋಡೆಗೆ ನಿಂತು ಹತ್ತಿಸಿದ. ಅವಳು ಬೆರಳು ನೋಡಲಿಲ್ಲ, ಕಾಲು ನೋಡಿದಳು.

"ಎಡಕ್ಕೆ ವಾಲ್ತಿದೀರ. ಹಿಮ್ಮಡಿನೂ ಎದ್ದಿದೆ. ಏರಿದ್ದು ಮೈ ಸರ್, ಭುಜ ಅಲ್ಲ."

ಇಪ್ಪತ್ತೈದು ವರ್ಷ ಏಣಿಯ ಮೇಲೆ ಕಲಿತದ್ದೇ ಅದು: ಕೈಗೆಟುಕದ ಮೂಲೆಗೆ ಮೈಯನ್ನೇ ಚಾಚುವುದು. ತಾನು ವಾಲುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಇನ್ನೆಷ್ಟು ದಿನ ಎಂದು ಕೇಳಿದ. ವರ್ಷವೇ ಹಿಡಿಯಬಹುದು, ಇನ್ನು ಕನ್ನಡಿ ಮುಂದೆ ನಿಂತು ಮಾಡಿ ಎಂದಳು.

ಹೊರಗೆ ಮೆಟ್ಟಿಲ ಮೇಲೆ ಕೂತು ಮೇಸ್ತ್ರಿಗೆ ಫೋನ್ ಮಾಡಿ, ಕೈ ಏರುತ್ತಿಲ್ಲ ಎಂದ. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇನ್ನೊಬ್ಬನಿಗೆ ಆಗಲೇ ಹೇಳಿಟ್ಟಿದ್ದನಂತೆ. "ರೆಸ್ಟ್ ತಗೋ ಅಣ್ಣ" ಎಂದು ಇಟ್ಟುಬಿಟ್ಟ.

ಮನೆಯಲ್ಲಿ ಹೆಂಡತಿ ಅವನ ಕೆಲಸದ ಪ್ಯಾಂಟಿಗೆ ಗುಂಡಿ ಹೊಲಿಯುತ್ತಿದ್ದಳು. ಎಲ್ಲ ಹೇಳಿದ.

"ನಾನೂ ಬೆರಳನ್ನೇ ನೋಡ್ತಿದ್ದೆ ಕಣ್ರೀ" ಎಂದಳು.

ಅರ್ಧ ಹೊಲಿದ ಗುಂಡಿಯನ್ನು ಪೂರ್ತಿ ಮಾಡಿದಳು. ದಾರ ಕಚ್ಚಿ ಕಡಿದು, ಪ್ಯಾಂಟನ್ನು ಮಡಿಸಿ, ಟ್ರಂಕಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟಳು.