ಕೆಂದಿಯ ಕೂಗು

ಕೆಂದಿ ಹಸು ಹಾಕಿದ ಹೆಣ್ಣುಗರು ವಾರ ತುಂಬುವುದರೊಳಗೆ ಭೇದಿ ಹತ್ತಿ ಸತ್ತಾಗ ಓಬಳೇಶ ಊರಲ್ಲಿರಲಿಲ್ಲ. ಮದುವೆ ಕಾಲ, ಆರ್ಕೆಸ್ಟ್ರಾದವರ ಜೊತೆ ದಾವಣಗೆರೆ ಕಡೆ ಹಾಡೋಕೆ ಹೋಗಿದ್ದ. ಹರಿಯಬ್ಬೆಯ ಮನೆಯಲ್ಲಿ ಅವನ ಹೆಂಡತಿ ಯಶೋಧಾ ಒಬ್ಬಳೇ. ಕರು ಇಲ್ಲದ ಹಸು ಹಾಲು ಇಳಿಸದೆ ಒದೆಯತೊಡಗಿತು. ಸುದ್ದಿ ತಿಳಿದು ಶ್ರೀರಾಂಪುರದಿಂದ ಅವಳ ಅಪ್ಪ ಚಿಕ್ಕತಿಮ್ಮಪ್ಪ ಬಂದ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ಹೊಲಿಸಿ, ನಾಲ್ಕು ಕಡ್ಡಿ ಕಾಲು ಕೊಟ್ಟು ಕೆಂದಿಯ ಮುಂದೆ ನಿಲ್ಲಿಸಿದ. ಕೆಂದಿ ಅದನ್ನು ಮೂಸಿತು, ನೆಕ್ಕಿತು. ಕೆಚ್ಚಲು ಬಿಗಿದು ಹಾಲು ಇಳಿಯಿತು.

ಸೀಮೆಯಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು. ಓಬಳೇಶ ಊರಿಗೆ ಬಂದ ಬೆಳಿಗ್ಗೆ ಬ್ಯಾಗು ಕೂಡ ಇಳಿಸದೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟ. ಹಸು ಹುಲ್ಲಿನ ಕರುವಿನ ಬೆನ್ನು ನೆಕ್ಕುತ್ತಾ, ನಡುನಡುವೆ ಕತ್ತೆತ್ತಿ ಕೂಗುತ್ತಿತ್ತು. ಯಶೋಧಾ ಕಾಫಿ ತಂದುಕೊಟ್ಟಳು. ಅವನು ಲೋಟ ಹಿಡಿದುಕೊಂಡಿದ್ದನೇ ಹೊರತು ತುಟಿಗೆ ಮುಟ್ಟಿಸಲಿಲ್ಲ.

"ಆರಿ ಹೋಗ್ತೈತೆ, ಕುಡೀರಿ."

"ಇದು ಅದರ ಹಾಲು ಅಲ್ಲೇನು? ನನ್ನ ಕೈಲಿ ಆಗಲ್ಲ ಯಶೋಧಾ."

ಓಬಳೇಶನದು ಕುರಿ ಮೇಯಿಸುವ ಮನೆತನ. ಆದರೂ ಅವನು ಮಾಂಸ ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು. ಚರ್ಮದ ವಾದ್ಯ ಮುಟ್ಟುವುದಿಲ್ಲವೆಂದು ಢೋಲಕ್ ಬಿಟ್ಟು, ಹಾಡಿಗೆ ಮಾತ್ರ ನಿಂತಿದ್ದ. ಇದನ್ನೆಲ್ಲ ಯಶೋಧಾ ಸಹಿಸಿಕೊಂಡಿದ್ದಳು. ಆದರೆ ಹಾಲು ಅವಳ ಸ್ವಂತದ್ದು. ಹುಲ್ಲು ತಂದವಳು, ಸಗಣಿ ಬಾಚಿದವಳು, ಕತ್ತಲಲ್ಲೇ ಎದ್ದು ಡೇರಿಗೆ ಹಾಕಿದವಳು ಅವಳು. ಹಾಡು ಇಲ್ಲದ ತಿಂಗಳುಗಳಲ್ಲಿ ಮನೆ ನಡೆಸಿದ್ದೂ ಆ ಹಾಲೇ. ಈಗ ಗಂಡ ಬರಿ ಚಹಾ ನೀರು ಕುಡಿಯುವುದು ನೋಡಿದರೆ ತನ್ನ ಕೈಯನ್ನೇ ದೂರ ತಳ್ಳಿದಂತೆ ಅವಳಿಗೆ ಅನಿಸುತ್ತಿತ್ತು. ಇಬ್ಬರ ನಡುವೆ ಮಾತು ಕಮ್ಮಿಯಾಯಿತು.

ಆ ದಿನಗಳಲ್ಲಿ ಓಬಳೇಶ ಕೊಟ್ಟಿಗೆಯ ಹತ್ತಿರ ಕೂತು ಏನೋ ಗುನುಗುತ್ತಿದ್ದ. ಯಶೋಧಾ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಚಿತ್ರದುರ್ಗದಲ್ಲಿ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಆರ್ಕೆಸ್ಟ್ರಾ ಕರೆದಿದ್ದರು. ಹರಿಯಬ್ಬೆಯಿಂದ ಒಂದಿಷ್ಟು ಹೆಂಗಸರು ಹೊರಟಾಗ, ಪಕ್ಕದ ಮನೆಯ ತಿಪ್ಪಕ್ಕನ ಬಲವಂತಕ್ಕೆ ಯಶೋಧಾಳೂ ಹೋದಳು. ಸಿನಿಮಾ ಹಾಡುಗಳು ಮುಗಿದ ಮೇಲೆ ಓಬಳೇಶ ಮೈಕಿನ ಮುಂದೆ ಒಬ್ಬನೇ ನಿಂತ. ಮೊದಲು ಪದವಿಲ್ಲ, ಬರೀ ದನಿ. ಗಂಟಲ ತಳದಿಂದ ಎದ್ದು, ಮೇಲೇರಿ, ಅಲ್ಲಿ ಒಡೆದು ನಿಲ್ಲುವ ದನಿ. ಕೆಂದಿಯ ಕೂಗು ಅದು. ಯಶೋಧಾಳಿಗೆ ತಕ್ಷಣ ಗುರುತು ಸಿಕ್ಕಿತು.

*ಹುಲ್ಲು ತುಂಬಿದ ಮೈಯ ನೆಕ್ಕುತಾಳೆ ತಾಯಿ,*
*ಉಸಿರಿಲ್ಲದ ಮಗಳ ಕೂಗಿ ಕೂಗಿ...*

ಸಭೆ ಗಪ್‌ಚಿಪ್ಪಾಯಿತು. ಕೆಲವರು ಕಣ್ಣೊರೆಸಿಕೊಂಡರು. ಮುಂದಿನ ಸಾಲು ಹುಲ್ಲಿನ ಕರು ತೋರಿಸಿ ಹಾಲು ಕರೆಯುವ ಕೈಯನ್ನು ಮೋಸದ ಕೈ ಅಂದಿತು. ಹಿಂದಿನಿಂದ ಯಾರೋ, "ಇದು ನಮ್ಮ ಯಶೋಧಕ್ಕನ ಹಸಿಂದು ಕಣ್ರೇ" ಅಂದರು. ಸಾಲಾಗಿ ತಲೆಗಳು ಇವಳ ಕಡೆ ತಿರುಗಿದವು. ಯಶೋಧಾ ಎದ್ದು ಹೊರಗೆ ನಡೆದಳು. ಹರಿಯಬ್ಬೆಯ ದಾರಿ ಹಿಡಿಯದೆ ತವರಿಗೆ ಹೋಗುವ ಬಸ್ಸು ಹತ್ತಿದಳು.

ಹಸುವನ್ನು ತಿಪ್ಪಕ್ಕನ ಸುಪರ್ದಿಗೆ ಬಿಟ್ಟು ಓಬಳೇಶ ಮರುದಿನವೇ ಶ್ರೀರಾಂಪುರಕ್ಕೆ ಬಂದ. ಜಗಲಿ ಮೇಲಿದ್ದ ಮಾವ ಚಿಕ್ಕತಿಮ್ಮಪ್ಪ ಕುಂತ್ಕಳಪ್ಪ ಅನ್ನಲಿಲ್ಲ.

"ಏನಪ್ಪ, ಕರು ಮಾಡಿದ್ದು ನಾನು. ನನ್ನ ಬೈದು ಪದ ಕಟ್ಟಬೇಕಿತ್ತು. ಮಗಳನ್ಯಾಕೆ ಊರ ಮುಂದೆ ನಿಲ್ಲಿಸಿದೆ?"

ಓಬಳೇಶ ತಲೆ ತಗ್ಗಿಸಿದ. "ತಪ್ಪಾತು ಮಾವ. ಅವಳ ಹತ್ರ ಮಾತಾಡ್ತೀನಿ."

ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದ ಯಶೋಧಾ ತಲೆ ಎತ್ತಲಿಲ್ಲ. ಅವನು ಎದುರಿಗೆ ಕೂತು ತಾನೂ ಸುಲಿಯತೊಡಗಿದ. ಅವಳೇ ಮೊದಲು ಬಾಯಿ ಬಿಟ್ಟಳು.

"ಕರು ಸಾಯೋವಾಗ ನೀವೆಲ್ಲಿದ್ರಿ? ಅದರ ತಲೆ ತೊಡೆ ಮೇಲೆ ಇಟ್ಕಂಡು ಕುಂತಿದ್ದೆ ನಾನು. ಬಾಯಿಗೆ ಗಂಜಿ ನೀರು ಬಿಟ್ಟೆ, ಎದೆ ತಿಕ್ಕಿದೆ. ಕೆಂದಿ ಕೂಗಿದ್ದು ನಿಮಗೊಬ್ಬರಿಗೇ ಕೇಳ್ಸುತ್ತಾ? ಕೇಳ್ತಾನೇ ಹಾಲು ಕರೆದೆ. ಡೇರಿಗೆ ಹಾಕ್ದಿದ್ರೆ ಒಲೆ ಹೆಂಗೆ ಉರೀತಿತ್ತು?"

ಓಬಳೇಶನ ಕೈ ನಿಂತಿತು. "ಇದೆಲ್ಲ ನನಗೆ ಹೇಳ್ಲೇ ಇಲ್ವಲ್ಲೇ ನೀನು."

"ನೀವು ಕೇಳಿದ್ರಾ?"

ಅವನು ಸುಲಿದ ಕಾಳನ್ನು ಅವಳ ಮುಂದಿನ ಮೊರಕ್ಕೆ ಹಾಕಿದ. ಕಡೆಗೆ, "ಆ ಪದ ಇನ್ನು ಹೇಳಲ್ಲ ಬಿಡು" ಅಂದ.

"ಹೇಳ್ಬ್ಯಾಡ್ರಿ ಅಂದ್ನೇನು? ದನಿ ಕೇಳಿ ನನ್ನ ಕರುಳೂ ಕಿತ್ತು ಬಂತು. ಆದ್ರೆ ಅದ್ರಾಗೆ ನಾನೂ ಇರ್ಬೇಕು. ಮೋಸದಾಕೆ ಅಂತ ಅಲ್ಲ, ನಾನು ಇದ್ದಂಗೆ."

ಸಂಜೆ ಬಸ್ಸಿಗೆ ಇಬ್ಬರೂ ಹರಿಯಬ್ಬೆಗೆ ಹೊರಟರು. ದಾರಿಯುದ್ದಕ್ಕೂ ಅವಳು ಕರು ಸತ್ತ ದಿನದ್ದನ್ನೆಲ್ಲ ಹೇಳಿದಳು, ಅವನು ಕೇಳಿದ.

ಕೆಂದಿಯ ಹಾಲು ಬತ್ತಿದಾಗ, ಕಸಾಯಿಖಾನೆಗೆ ದನ ಸಾಗಿಸುವ ವ್ಯಾಪಾರಿ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಓಬಳೇಶ ಮನೆಯಲ್ಲೇ ಇದ್ದ. ಬಾಯಿ ತೆರೆಯಲು ಹೊರಟವನು ಹೆಂಡತಿಯ ಮುಖ ನೋಡಿ ಸುಮ್ಮನಾದ. ಅದು ಅವಳ ಹಸು, ಅವಳೇ ಹೇಳಲಿ ಎಂದು. ಯಶೋಧಾ ಕೆಂದಿಯ ಕತ್ತಿನ ಗಂಗೆದೊಗಲು ಸವರುತ್ತಾ ನಿಂತಳು.

"ಕೊಡಲ್ಲಪ್ಪ. ಹೋಗಿ ಬಾ."

"ಹುಚ್ಚೇನೇ ನಿಂಗೆ? ಬತ್ತಿದ ಹಸೀಗೆ ಹುಲ್ಲು ಹಾಕ್ತೀಯಾ? ಇನ್ನು ಡೇರಿಗೆ ಏನು ಹಾಕ್ತೀಯಾ?" ತಿಪ್ಪಕ್ಕ ಬಾಯಿ ಮೇಲೆ ಕೈ ಇಟ್ಟಳು.

ಯಶೋಧಾ ಹುಲ್ಲೂ ಹಾಕಿದಳು; ಕೆಂದಿಯನ್ನು ಮತ್ತೆ ಹೋರಿಗೆ ಬಿಡದೆ, ಇನ್ನೊಂದು ಹಸುವನ್ನೂ ತರದೆ ಡೇರಿಯನ್ನೂ ಬಿಟ್ಟಳು. ಸುಲಭವಾಗಿರಲಿಲ್ಲ. ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಹಿರಿಯೂರಿನ ಅಂಗಡಿಗಳಿಗೆ ಕೊಡಲು ಶುರು ಮಾಡಿದಳು. ಒಂದೊಂದು ತಿಂಗಳು ಕೈ ಬಿಗಿಯಾಗುತ್ತಿತ್ತು. ಅಂಥ ತಿಂಗಳಲ್ಲಿ ಇಬ್ಬರೂ ಸಿಡುಕಿದ್ದೂ ಉಂಟು.

ಆಮೇಲಿನ ಬೇಸಿಗೆಯಲ್ಲಿ ಹೊಳಲ್ಕೆರೆಯ ಶಾಲಾ ಮೈದಾನದಲ್ಲಿ ಓಬಳೇಶನ ಹಾಡಿತ್ತು. ಈ ಸಲ ಯಶೋಧಾಳೂ ವೇದಿಕೆ ಹತ್ತಿದಳು. ಮನೆಗೆಲಸದ ನಡುವೆ ಹಾಡಿಕೊಂಡಿದ್ದು ಬಿಟ್ಟರೆ ಅವಳಿಗೆ ಹಾಡಿ ರೂಢಿಯಿರಲಿಲ್ಲ. ಓಬಳೇಶ ಕೂಗಿನ ದನಿ ಎತ್ತಿ, ತನ್ನ ಸಾಲುಗಳನ್ನು ಹೇಳಿ ಮುಗಿಸುತ್ತಿದ್ದಂತೆ ಯಾವನೋ, "ಹಾಲು ಬ್ಯಾಡಂದ್ರೆ ಹೆಂಡ ಕುಡಿಯಾಣೇನಣ್ಣ?" ಎಂದು ಕೂಗಿದ. ಜನ ಗೊಳ್ಳೆಂದು ನಕ್ಕರು. ಯಶೋಧಾ ಮೈಕು ಹತ್ತಿರಕ್ಕೆ ಎಳೆದುಕೊಂಡಳು.

*ಕರುವಿನ ತಲೆಯ ತೊಡೆ ಮೇಲೆ ಇಟ್ಟುಕೊಂಡು*
*ಕುಂತಾಳೆ ಒಬ್ಬಳೇ, ನೋಡೋರು ಯಾರಿಲ್ಲ...*

ದನಿ ನಡುಗಿತು, ಶ್ರುತಿಯೂ ಅಲ್ಲಲ್ಲಿ ತಪ್ಪಿತು. ಆದರೆ ಜನರ ನಗು ನಿಂತುಹೋಯಿತು.

ಹಾಡು ಮುಗಿದು ಜನ ಚದುರುತ್ತಿದ್ದಾಗ ಏಕನಾಥಮ್ಮ ಎಂಬ ಮುದುಕಿ ವೇದಿಕೆ ಹತ್ತಿರ ಬಂದು ಯಶೋಧಾಳ ಎರಡೂ ಕೈ ಹಿಡಿದುಕೊಂಡಳು.

"ನಂಗೂ ಒಂದು ಕೂಸು ಹೋಗಿತ್ತು ತಾಯಿ. ಹಿಂಗೇ ತೊಡೆ ಮೇಲೆ. ಅಳಬ್ಯಾಡ, ಇನ್ನೊಂದು ಆಗ್ತೈತೆ ಅಂದ್ರು ಎಲ್ಲರೂ. ಆಮ್ಯಾಕೆ ನಾಲ್ಕು ಆದವು. ಆ ಕೂಸಿಗೆ ಅಂತ ನಾನು ಅತ್ತಿದ್ದು ಇವತ್ತೇ."

ಅಷ್ಟು ಹೇಳಿ ಮತ್ತೆ ಅಳತೊಡಗಿದಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಓಬಳೇಶ ಬ್ಯಾಗು ಎತ್ತಿಕೊಂಡು ಹೆಂಡತಿಯ ಕಡೆ ನೋಡಿದ.

"ಹೋಗ್ಲಿ ಬಿಡ್ರಿ ಅದು. ಇನ್ನೊಂದಕ್ಕೆ ಹೋಗಾಣ" ಅಂದಳು ಯಶೋಧಾ. ಮುದುಕಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಕೇಳಿದಳು: "ಕೂಸಿಗೆ ಏನಂತ ಹೆಸರು ಇಟ್ಟಿದ್ದೆ ಅಜ್ಜಿ?"