ನರ್ಸಮ್ಮನ ರೌಂಡ್ಸ್

ನಿವೃತ್ತಿಯಾದರೂ ನರ್ಸಮ್ಮನ ರೌಂಡ್ಸ್ ನಿಂತಿರಲಿಲ್ಲ. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ನೆಲಗುಬ್ಬಿಯೊಂದು ನೆಲದ ಮೇಲೇ ಗೂಡು ಕಟ್ಟಿ ಮೂರು ಮರಿ ಮಾಡಿದ್ದೇ ತಡ, ಇವರು ಚಾರ್ಟ್ ಬರೆಯಲು ಕೂತರು. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಿತ್ತಲ ಗೇಟು ತೆಗೆದು, ಮೊಣಕಾಲೆತ್ತರದ ಹುಲ್ಲಿನಲ್ಲಿ ನೆಟ್ಟಗೆ ನಡೆದು, ಬಗ್ಗಿ ನೋಡುವುದು. ಕಣ್ಣು ಬಿಟ್ಟವೇ? ಚಿಕ್ಕದಕ್ಕೂ ಹುಳ ಸಿಕ್ಕಿತೇ? ಹೆತ್ತ ತಾಯಿಗೂ ಅಷ್ಟು ಆತಂಕ ಇತ್ತೋ ಇಲ್ಲವೋ!

ಹುಲ್ಲು ಕೊಯ್ಯಲು ಬಂದ ಟ್ರ್ಯಾಕ್ಟರ್ ಡ್ರೈವರನಿಗೆ ಮೊದಲೇ ತಾಕೀತಾಗಿತ್ತು. "ಆ ಗೂಡಿಗೇನಾದ್ರೂ ಆಯ್ತೋ, ನಿನ್ನ ಗ್ರಹಚಾರ ಬಿಡಿಸ್ತೀನಿ." ಪಾಪ, ಅವನು ಗೂಡಿನಿಂದ ಇವರ ಬೇಲಿಯವರೆಗೂ ಒಂದು ಕಡ್ಡಿ ಮುಟ್ಟದೆ ಬಿಟ್ಟು ಕೊಯ್ದಿದ್ದ.

ಮರುದಿನ ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ಸುತ್ತ ನಾಲ್ಕು ಪುಕ್ಕ.

ನರ್ಸಮ್ಮ ಸೀದಾ ಟ್ರ್ಯಾಕ್ಟರ್ ಶೆಡ್ಡಿಗೆ ನುಗ್ಗಿದರು. "ಕಟುಕ! ಹಸುಗೂಸುಗಳ ಮೇಲೆ ಚಕ್ರ ಹತ್ತಿಸಿದ್ಯಲ್ಲೋ!"

"ನಾನು ಆ ಕಡೆ..."

"ಬಾಯಿ ಮುಚ್ಚು!"

ಗ್ರೀಸ್ ಹಚ್ಚುತ್ತಿದ್ದ ಕೆಲಸಗಾರರು ತಲೆ ತಗ್ಗಿಸಿದರು.

ಬೈದು ಹಗುರವಾಗಿ, ಪುಕ್ಕಗಳನ್ನಾದರೂ ಆರಿಸಿಕೊಳ್ಳೋಣವೆಂದು ನರ್ಸಮ್ಮ ಗೂಡಿನ ಹತ್ತಿರ ಹೋದರು. ಅಲ್ಲೆಲ್ಲೂ ಚಕ್ರದ ಗುರುತಿರಲಿಲ್ಲ. ಅಲ್ಲಿಂದ ತಮ್ಮ ಗೇಟಿನವರೆಗೆ ಮಾತ್ರ ಬೈತಲೆ ತೆಗೆದ ಹಾಗೆ ಒಂದು ಕಾಲುದಾರಿ, ವಾರದಿಂದ ತಾವೇ ತುಳಿದದ್ದು. ಒದ್ದೆ ಮಣ್ಣಿನಲ್ಲಿ ಬೆಕ್ಕಿನ ಹೆಜ್ಜೆ, ಹೋದದ್ದು, ಬಂದದ್ದು. ಅವರ ಮುದ್ದಿನ ಬೆಕ್ಕು ಅಂದು ಹಾಲು ಮುಟ್ಟಿರಲಿಲ್ಲ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ವಾರ್ಡಿನ ಬಾಗಿಲಲ್ಲಿ ನಿಂತು, ಘಳಿಗೆಗೊಮ್ಮೆ ಇಣುಕಿದರೆ ಮಗು ಉಳಿಯುವುದಿಲ್ಲ ಎಂದು ಹೆತ್ತವರನ್ನೂ ಗದರಿ ಅಟ್ಟಿದವರು ಇವರೇ ಅಲ್ಲವೇ? ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಮತ್ತೆ ಶೆಡ್ಡಿಗೆ ಹೋದರು. ಅದೇ ಜನರ ಮುಂದೆ, ಅವನ ಮುಖ ನೋಡಲಾಗದೆ ಹೇಳಿದರು: "ತಪ್ಪು ನಂದು ಕಣಪ್ಪ. ನನ್ನ ಬೆಕ್ಕು. ನಾನೇ ದಾರಿ ಮಾಡಿಕೊಟ್ಟೆ."

ಅವನು ಕೈ ಒರೆಸಿಕೊಂಡ. "ಗೊತ್ತಿತ್ತು. ಹೆಜ್ಜೆ ನಾನೂ ನೋಡಿದ್ದೆ."

"ಹೇಳಬಾರದಿತ್ತಾ?"

"ನೀವು ಬಿಟ್ರೆ ತಾನೆ!" ಆಮೇಲೆ ದನಿ ತಗ್ಗಿಸಿದ. "ಒಂದು ಮರಿ ಉಳಿದಿದೆ. ಗೂಡು ಬಿಟ್ಟು ಬೇರೆ ಕಡೆ ಅಡಗಿ ಕೂತಿದೆ. ತಾಯಿ ಹುಳ ತಂದು ಕೊಡ್ತಿದೆ."

"ಎಲ್ಲಿ? ಎಲ್ಲಿ ತೋರ್ಸು!" ನರ್ಸಮ್ಮ ಆಗಲೇ ಹೊಸ್ತಿಲಾಚೆ ಒಂದು ಕಾಲಿಟ್ಟಿದ್ದರು.

"ಬೇಡ ನರ್ಸಮ್ಮ," ಅಂದ ಅವನು, ಮೆಲ್ಲಗೆ. "ನೀವು ಮಾತ್ರ ಬರಬೇಡಿ."

ಇಟ್ಟ ಕಾಲನ್ನು ಅವರು ಹಿಂದಕ್ಕೆ ತೆಗೆದುಕೊಂಡರು.